ಎಡಗಡೆ ಬಿಸಿ, ಬಲಗಡೆ ತಣ್ಣೀರು

ಬೆರಿಲ್ ಹೋಲ್ರಾಯ್ಡ್ ಬಚ್ಚಲಿಗೆ ನಲ್ಲಿ ಆರಿಸಲು ಮೂರು ವಾರ ತೆಗೆದುಕೊಂಡಳು. ಗಂಡನನ್ನು ಒಪ್ಪಲು ಅಷ್ಟು ದಿನ ಹಿಡಿದಿರಲಿಲ್ಲ ಎಂದು ಅವಳೇ ಎಲ್ಲರ ಮುಂದೆ ಹೇಳಿಕೊಂಡು ನಗುತ್ತಿದ್ದಳು. ಐವತ್ತೊಂದು ವರ್ಷದ ಹಿಂದೆ ಉಣ್ಣೆ ಗಿರಣಿಯ ಗೇಟಿನ ಹತ್ತಿರ ವಿಲ್ಫ್ ಬಂದು, "ಶನಿವಾರ ಡ್ಯಾನ್ಸಿಗೆ ಬರ್ತೀಯಾ ಹುಡುಗಿ?" ಎಂದು ಕೇಳಿದಾಗ, ಹೂಂ ಅನ್ನಲು ಅವಳಿಗೆ ಬೇಕಾದದ್ದು ಅವನ ಕೈಯಲ್ಲಿದ್ದ ಸಿಗರೇಟು ಮುಗಿಯುವಷ್ಟು ಹೊತ್ತು.

ನಲ್ಲಿಯ ವಿಷಯದಲ್ಲಿ ಅವಸರ ಮಾಡಲು ಅವಳು ಸಿದ್ಧಳಿರಲಿಲ್ಲ. ಎರಡು ಮನೆ ಆಚೆಯ ಡೊರೀನ್ ಕ್ರಿಸ್ಮಸ್ಸಿಗೆ ಮುಂಚೆ ತನ್ನ ಬಚ್ಚಲನ್ನು ಹೊಸದು ಮಾಡಿಸಿ, ಚಾಪೆಲ್ಲಿಗೆ ಪ್ರಾರ್ಥನೆಗೆ ಬರುವ ಹೆಂಗಸರನ್ನೆಲ್ಲ ಕರೆದು ಚಹಾ ಕೊಟ್ಟು ಮೆಟ್ಟಿಲು ಹತ್ತಿಸಿ ತೋರಿಸಿದ್ದಳು. ಇಳಿದು ಬರುವಾಗ ಬೆರಿಲ್‌ಳ ಭುಜ ಮುಟ್ಟಿ, "ನಿಮ್ಮನೇಲಿ ಇನ್ನೂ ಎರಡು ನಲ್ಲೀನೇ ಅಲ್ವಾ? ಒಂದ್ರಲ್ಲಿ ಕೈ ಸುಟ್ಕೊಳ್ಳೋದು, ಇನ್ನೊಂದ್ರಲ್ಲಿ ಮರಗಟ್ಟಿಸ್ಕೊಳ್ಳೋದು! ಅದೆಷ್ಟು ವರ್ಷ ಅಂತ ಹೀಗೇ ಇರ್ತೀರೇ?" ಎಂದಿದ್ದಳು. ಅವತ್ತು ರಾತ್ರಿ ಊಟಕ್ಕೆ ಕೂತಾಗಲೂ ಬೆರಿಲ್‌ಳಿಗೆ ಆ ಮಾತು ಕಿವಿಯಲ್ಲಿತ್ತು.

ಹಳೆಯ ಬೇಸಿನ್ನಿಗೆ ಇದ್ದದ್ದು ನಿಜವಾಗಿಯೂ ಎರಡೇ ನಲ್ಲಿ. ಎಡಗಡೆ ಬಿಸಿ, ಬಲಗಡೆ ತಣ್ಣೀರು. ಎರಡಕ್ಕೂ ತಲೆಯ ಮೇಲೆ ನಾಲ್ಕು ಕಡ್ಡಿಯ ಹಿಡಿ, ನಡುವೆ ಪಿಂಗಾಣಿಯ ಬಿಲ್ಲೆ. ಬಿಸಿ ಯಾವುದು, ತಣ್ಣೀರು ಯಾವುದು ಎಂದು ತಿಳಿಸುವ ಬಿಲ್ಲೆಯ ಮೇಲಿನ ಅಕ್ಷರ ಯಾವತ್ತೋ ಸವೆದುಹೋಗಿತ್ತು. ಕೈಗೆ ಗೊತ್ತಿರುವುದನ್ನು ಯಾರು ಓದುತ್ತಾರೆ? ತೂತಿಗೆ ಸರಪಳಿಯ ತುದಿಯಲ್ಲಿ ಕರಿ ರಬ್ಬರಿನ ಬಿರಡೆ. ಬಿರಡೆ ಹಾಕಿ, ಎಡಗಡೆಯದನ್ನು ಮೂರು ಸುತ್ತು, ಬಲಗಡೆಯದನ್ನು ಎರಡು ಸುತ್ತು ಬಿಟ್ಟು, ಬೇಸಿನ್ನಿನಲ್ಲೇ ನೀರು ಹದವಾದ ಮೇಲೆ ಕೈ ಇಳಿಸಬೇಕು. ವಿಲ್ಫ್ ಮೂವತ್ತೆಂಟು ವರ್ಷ ಗಿರಣಿಯ ಬಣ್ಣದ ಮನೆಯಲ್ಲಿ ಉಣ್ಣೆಗೆ ಬಣ್ಣ ಹಾಕುತ್ತ ದುಡಿದವನು. ಸಂಜೆ ಬಂದವನೇ ಅಂಗಿಯ ತೋಳು ಮಡಚಿ ಆ ಬೇಸಿನ್ನಿನ ಮುಂದೆ ಕಾಲು ಗಂಟೆ ನಿಲ್ಲುತ್ತಿದ್ದ. ಬ್ರಷ್ಷು ಹಿಡಿದು ಉಗುರು ಉಗುರಿನ ಸಂದಿ ಉಜ್ಜಿ, ಕೈ ಕೆಂಪಗಾದ ಮೇಲೆಯೇ ಊಟಕ್ಕೆ ಇಳಿಯುತ್ತಿದ್ದದ್ದು. ಅಡಿಗೆಮನೆಯ ನಲ್ಲಿಯನ್ನು ಅವನು ಮುಟ್ಟಿದವನಲ್ಲ. ಮದುವೆಯಾದ ಮೊದಲ ವಾರದಲ್ಲೇ ಬೆರಿಲ್, "ಪಾತ್ರೆ ತೊಳೆಯೋ ಕಡೆ ನಿನ್ನ ನೀಲಿ ಕೈ ಬೇಡಪ್ಪಾ" ಅಂದಿದ್ದಳು. ಅವನು ಅದನ್ನು ಇಂದಿನವರೆಗೂ ಮೀರಿರಲಿಲ್ಲ.

ಎರಡು ವರ್ಷದಿಂದ ವಿಲ್ಫ್‌ನ ನೆನಪು ಸಡಿಲವಾಗಿತ್ತು. ಹೆಸರು ಮರೆಯುತ್ತಿದ್ದ, ದಿನ ಮರೆಯುತ್ತಿದ್ದ. ದವಾಖಾನೆಯ ನರ್ಸು ಒಂದು ಹಾಳೆ ಕೊಟ್ಟಿದ್ದಳು. ವಯಸ್ಸಾದವರ ಬೆರಳಿಗೆ ತಿರುಗಿಸುವ ಹಿಡಿಗಿಂತ ಎತ್ತಿ ಇಳಿಸುವ ಹಿಡಿ ಸುಲಭ ಎಂದು ಅದರಲ್ಲಿ ಬರೆದಿತ್ತು. ಬೆರಿಲ್‌ಳಿಗೆ ಬೇಕಾಗಿದ್ದೂ ಅದೇ. ಹಾಳೆ ಮಡಚಿ ಕೈಚೀಲಕ್ಕೆ ಹಾಕಿಕೊಂಡು ನಲ್ಲಿ ನೋಡಲು ಹ್ಯಾಲಿಫ್ಯಾಕ್ಸ್ ಪೇಟೆಯ ಬಸ್ಸು ಹತ್ತಿದಳು.

ಅವಳು ಆರಿಸಿದ್ದು ಗೋಡೆಯಿಂದಲೇ ಹೊರಡುವ ನಲ್ಲಿ. ಒಂದು ತೆಳ್ಳನೆಯ ಬೆಳ್ಳಿ ಬಣ್ಣದ ಕೊಳವೆ, ಪಕ್ಕದಲ್ಲಿ ಚಮಚದ ಹಿಡಿಯಂಥ ಚಪ್ಪಟೆ ಪಟ್ಟಿ. ಎತ್ತಿದರೆ ನೀರು, ಆ ಕಡೆ ಈ ಕಡೆ ಸರಿಸಿದರೆ ಬಿಸಿ ತಣ್ಣಗೆ. ಕೆಂಪಿಲ್ಲ, ನೀಲಿಯಿಲ್ಲ, ಅಕ್ಷರವಿಲ್ಲ. ಕೆಳಗೆ ಬಟ್ಟಲಿನಂಥ ಬಿಳಿ ಬೇಸಿನ್ನು. ಬಿರಡೆಯ ಜಾಗದಲ್ಲಿ ಒತ್ತಿದರೆ ಮುಚ್ಚುವ ಹೊಳೆಯುವ ಬಿಲ್ಲೆ.

ಕೊಳಾಯಿ ಕೆಲಸದ ಕೀತ್ ಸಗ್ಡನ್ ಪೆಟ್ಟಿಗೆ ಬಿಚ್ಚಿ ನೋಡಿ ತಲೆ ಕೆರೆದುಕೊಂಡ.

"ಮಿಸೆಸ್ ಹೋಲ್ರಾಯ್ಡ್, ನಿಮ್ಮನೇ ನೀರು ಅಟ್ಟದ ಟ್ಯಾಂಕಿನಿಂದ ಇಳಿಯೋದು. ಇದ್ರಲ್ಲಿ ಬೆಕ್ಕು ಉಚ್ಚೆ ಹೊಯ್ದಂಗೆ ಬರುತ್ತೆ ಅಷ್ಟೆ."

"ಪಂಪ್ ಹಾಕಪ್ಪ ಹಾಗಾದ್ರೆ."

"ಪಂಪ್ ಹಾಕ್ಬೋದು. ಹಳೇವು ಏನ್ ತಪ್ಪು ಮಾಡಿದ್ವು ಅಂತ ಕೇಳ್ತಿದೀನಿ."

"ಹಳೇವಾಗಿದ್ದೇ ತಪ್ಪು," ಎಂದಳು ಬೆರಿಲ್.

ಕೀತ್ ಎರಡು ನಲ್ಲಿಯನ್ನೂ ಬಿಚ್ಚಿ ಬಕೆಟ್ಟಿಗೆ ಹಾಕಿಕೊಂಡು ಮೆಟ್ಟಿಲಿಳಿಯುವಾಗ ವಿಲ್ಫ್ ಕೆಳಗೆ ನಿಂತಿದ್ದ. "ಇವೆಲ್ಲಿಗೆ ಹೊರಟ್ವು?" ಎಂದು ಕೇಳಿದ. ಕೀತ್ "ಗುಜರಿಗೆ ಅಣ್ಣಾ" ಎಂದ. ಎಲ್ಲ ಮುಗಿದ ಮೇಲೆ ಬೆರಿಲ್ ಗಂಡನನ್ನು ಕರೆದುಕೊಂಡು ಹೋಗಿ ತೋರಿಸಿ, "ಹೇಗಿದೆ?" ಎಂದಳು. ವಿಲ್ಫ್ ಬಾಗಿಲಲ್ಲೇ ನಿಂತು, ಕೈ ಹಿಂದೆ ಕಟ್ಟಿಕೊಂಡು, ಬೇರೆಯವರ ಮನೆ ನೋಡುವವನಂತೆ ನೋಡಿ, "ತುಂಬ ಚೆನ್ನಾಗಿದೆ" ಅಂದ. ಆ ಊರಿನಲ್ಲಿ ಕೆಟ್ಟ ಚಹಾ ಕೊಟ್ಟವರಿಗೂ ಎಲ್ಲರೂ ಅನ್ನುವುದು ಅದನ್ನೇ. ಅದನ್ನು ಬಲ್ಲ ಬೆರಿಲ್ ಅವತ್ತು ಮಾತ್ರ ನಿಜವೆಂದು ತೆಗೆದುಕೊಂಡಳು.

ಹದಿನೈದು ದಿನವಾದ ಮೇಲೆ ಅವನ ಕೈಗಳು ಅವಳ ಕಣ್ಣಿಗೆ ಬಿದ್ದವು. ವಿಲ್ಫ್ ದಿನವೂ ಹಿತ್ತಲಲ್ಲಿ ಮಣ್ಣು ಅಗೆಯುತ್ತಿದ್ದ. ಆಲೂಗಡ್ಡೆ ಹಾಕುವ ಕಾಲ. ಉಗುರುಗಳ ಸುತ್ತ ಕಪ್ಪು, ಅಂಗೈ ಗೆರೆಗಳಲ್ಲಿ ಮಣ್ಣು. ಶನಿವಾರದ ಸ್ನಾನಕ್ಕೆ ತೊಟ್ಟಿಯ ನೀರನ್ನು ಬೆರಿಲ್‌ಳೇ ಬಿಡುತ್ತಿದ್ದುದರಿಂದ ಅವತ್ತೊಂದು ದಿನ ಅವನು ಸ್ವಚ್ಛ. ಸೋಮವಾರದ ಹೊತ್ತಿಗೆ ಮತ್ತೆ ಹಾಗೇ.

"ಕೈ ತೊಳ್ಕೊಂಡು ಬಾ."

"ತೊಳ್ಕೊಂಡೆ."

"ಸುಳ್ಳು ಹೇಳ್ಬೇಡ. ಟವೆಲ್ ಒಣಗಿದೆ."

"ತೊಳ್ಕೊಂಡೆ ಕಣೇ ಹುಡುಗಿ," ಎನ್ನುತ್ತಿದ್ದ ವಿಲ್ಫ್. ಅವನ ಮುಖದಲ್ಲಿ ಮೋಸದ ಒಂದು ಗೆರೆಯೂ ಇರುತ್ತಿರಲಿಲ್ಲ. ಅದು ಅವಳಿಗೆ ಇನ್ನಷ್ಟು ಸಿಟ್ಟು ತರಿಸುತ್ತಿತ್ತು. ಸೋಪು ಮುಟ್ಟಿ ನೋಡಿದರೆ ಬಿಸ್ಕತ್ತಿನಂತೆ ಒಣಗಿರುತ್ತಿತ್ತು. ಕಾಯಿಲೆ ಅವನನ್ನು ಸೋಮಾರಿ ಮಾಡಿತು, ಸುಳ್ಳ ಮಾಡಿತು ಎಂದು ಅವಳು ತೀರ್ಮಾನಿಸಿಕೊಂಡಳು. ಒಂದು ದಿನ ಬಟ್ಟೆ ಒಗೆಯಲು ಹಾಕುವಾಗ ಅವನ ಪ್ಯಾಂಟಿನ ಜೇಬಿನಲ್ಲಿ ಹಳೆಯ ಬೇಸಿನ್ನಿನ ರಬ್ಬರ್ ಬಿರಡೆ ಸಿಕ್ಕಿತು. ಕೀತ್‌ನ ಬಕೆಟ್ಟಿನಿಂದ ಯಾವಾಗ ಎತ್ತಿಕೊಂಡಿದ್ದನೋ. ಅವಳು ಕಸದ ಡಬ್ಬಿಗೆ ಎಸೆದಳು. ಮಾರನೆಯ ದಿನ ಅದು ಮತ್ತೆ ಜೇಬಿನಲ್ಲಿತ್ತು. "ಕಸ ಹೆಕ್ಕೋ ಬುದ್ಧಿ ಬೇರೆ ಶುರುವಾಯ್ತಾ?" ಎಂದು ಅವಳು ಕೂಗಿದಳು. ವಿಲ್ಫ್ ಬಿರಡೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು, "ಇದು ಬೇಕಾಗುತ್ತೆ" ಎಂದಷ್ಟೇ ಅಂದ.

ಈಸ್ಟರ್ ಕಳೆದ ಮೇಲಿನ ಭಾನುವಾರ ಚಾಪೆಲ್ಲಿನ ಹಜಾರದಲ್ಲಿ ಎಲ್ಲರಿಗೂ ಚಹಾ. ಉದ್ದದ ಮೇಜುಗಳು, ಬಿಳಿ ಬಟ್ಟೆ, ಹಂದಿಮಾಂಸದ ತೆಳು ಹೋಳುಗಳು, ಬೀಟ್‌ರೂಟಿನ ಉಪ್ಪಿನಕಾಯಿ, ಡೊರೀನ್ ಮಾಡಿದ ಸೋಂಪಿನ ಕೇಕು. ಕೇಕಿನ ತಟ್ಟೆ ಕೈಯಿಂದ ಕೈಗೆ ಬಂದು ವಿಲ್ಫ್‌ನ ಮುಂದೆ ನಿಂತಿತು. ಅವನು ಕೈ ಚಾಚಿದ. ಬಿಳಿ ಬಟ್ಟೆಯ ಮೇಲೆ ಆ ಕೈ, ಆ ಉಗುರು. ಎದುರಿಗಿದ್ದ ಹೆಂಗಸಿನ ಕಣ್ಣು ಅದರ ಮೇಲೆ ಒಂದು ಕ್ಷಣ ನಿಂತು ಸರಿದದ್ದನ್ನು ಬೆರಿಲ್ ನೋಡಿದಳು. ಅವಳ ಮೈ ಉರಿದುಹೋಯಿತು.

"ಮುಟ್ಬೇಡ!" ಎಂದಳು. ಹಜಾರಕ್ಕೆಲ್ಲ ಕೇಳುವ ಹಾಗೆ. "ಆ ಕೈಯಲ್ಲಿ ಎಲ್ರೂ ತಿನ್ನೋದನ್ನ ಮುಟ್ತೀಯಾ? ವಾರಗಟ್ಟಲೆ ಆಯ್ತು ಕಣ್ರೇ ಈ ಮನುಷ್ಯ ಕೈಗೆ ನೀರು ಸೋಕಿಸಿ. ಅಷ್ಟು ಒಳ್ಳೇ ಹೊಸ ಬಚ್ಚಲು ಮಾಡಿಸಿಟ್ಟಿದೀನಿ, ಹಂದಿ ಥರ ಓಡಾಡ್ಕೊಂಡಿದಾನೆ. ಕೇಳಿದ್ರೆ ತೊಳ್ಕೊಂಡೆ ಅಂತ ಸುಳ್ಳು ಬೇರೆ."

ಯಾರೋ ಒಬ್ಬರು ನಕ್ಕರು. ಆಮೇಲೆ ಯಾರೂ ನಗಲಿಲ್ಲ. ವಿಲ್ಫ್ ತನ್ನ ಎರಡು ಕೈಯನ್ನೂ ತಿರುಗಿಸಿ ತಿರುಗಿಸಿ ನೋಡಿಕೊಂಡ. ಕೋಟಿನ ಜೇಬಿಗೆ ಇಳಿಸಿದವನು ಚಹಾ ಮುಗಿಯುವ ತನಕ ಹೊರಗೆ ತೆಗೆಯಲಿಲ್ಲ. ಅವನ ಚಹಾ ಕಪ್ಪಿನಲ್ಲೇ ಆರಿತು. ಹೊರಡುವಾಗ ಡೊರೀನ್ ಒಂದು ತುಂಡು ಕೇಕನ್ನು ಕಾಗದದಲ್ಲಿ ಸುತ್ತಿ, ಬೆರಿಲ್‌ಳ ಕೈಗೆ ಕೊಡದೆ, ವಿಲ್ಫ್‌ನ ಜೇಬಿಗೆ ಹಾಕಿದಳು.

ಮಾರನೆಯ ಬೆಳಿಗ್ಗೆ ಬೆರಿಲ್ ಒಗೆದ ಹಾಸಿಗೆ ಬಟ್ಟೆ ಎತ್ತಿಕೊಂಡು ಮಹಡಿಗೆ ಬಂದಾಗ ಬಚ್ಚಲಿನ ಬಾಗಿಲು ಅರ್ಧ ತೆರೆದಿತ್ತು. ಒಳಗೆ ವಿಲ್ಫ್. ಅಂಗಿಯ ತೋಳನ್ನು ಮೊಳಕೈ ತನಕ ಅಚ್ಚುಕಟ್ಟಾಗಿ ಮಡಚಿದ್ದ. ಸರಿ, ಇವತ್ತು ಹಿಡಿಯುತ್ತೇನೆ ಎಂದುಕೊಂಡು ಅವಳು ಬಟ್ಟೆಯ ಬೀರುವಿನ ಮರೆಗೆ ನಿಂತಳು.

ಅವನು ಜೇಬಿನಿಂದ ರಬ್ಬರ್ ಬಿರಡೆ ತೆಗೆದು ಬೇಸಿನ್ನಿನ ಹೊಳೆಯುವ ಬಿಲ್ಲೆಯ ಮೇಲೆ ಇಟ್ಟ. ಅದು ಕೂರಲಿಲ್ಲ, ಹೆಬ್ಬೆರಳಿನಿಂದ ಒತ್ತಿದ. ಎಡಗೈಯನ್ನು ಬೇಸಿನ್ನಿನ ಎಡ ಅಂಚಿನ ಮೇಲೆ ಚಾಚಿ, ಏನೂ ಇಲ್ಲದ ಜಾಗದಲ್ಲಿ ಬೆರಳು ಮಡಚಿ, ಮೂರು ಸುತ್ತು ತಿರುಗಿಸಿದ. ಬಲಗೈ ಬಲಗಡೆ ಎರಡು ಸುತ್ತು. ಆಮೇಲೆ ಬೇಸಿನ್ನಿನೊಳಗೆ ಬಾಗಿ ನೋಡುತ್ತ ನಿಂತ. ನೀರು ತುಂಬಲಿ ಎಂದು ಕಾಯುವವನು ನಿಲ್ಲುವ ಹಾಗೆ. ಅವನ ಮೂಗಿನ ಎದುರೇ ಇತ್ತು ಬೆಳ್ಳಿಯ ಕೊಳವೆ. ಅದನ್ನು ಅವನು ನೋಡಿದ. ಗೋಡೆಯ ಮೊಳೆಯನ್ನು ನೋಡುವಂತೆ ನೋಡಿದ. ಅವನ ಕಣ್ಣಿಗೆ ಅದು ನಲ್ಲಿಯೇ ಆಗಿರಲಿಲ್ಲ.

"ಇವತ್ತೂ ನೀರು ನಿಲ್ಸಿದಾರೆ," ಎಂದು ತನಗೆ ತಾನೇ ಹೇಳಿಕೊಂಡ.

ಆಮೇಲೆ ಒಣ ಸೋಪು ತೆಗೆದುಕೊಂಡು ಒಣ ಕೈಗೆ ಉಜ್ಜಿದ. ಬ್ರಷ್ಷು ಹಿಡಿದು ಉಗುರು ಉಗುರಿನ ಸಂದಿ, ಮಣಿಕಟ್ಟು, ಬೆರಳ ನಡುವೆ. ಅವಸರವಿಲ್ಲ. ಬಣ್ಣದ ಮನೆಯಿಂದ ಬಂದ ಸಂಜೆಗಳಂತೆ ಪೂರ್ತಿ ಕಾಲು ಗಂಟೆ. ಚರ್ಮ ಕೆರೆದು ಕೆಂಪಗಾಯಿತು, ಮಣ್ಣು ಇದ್ದಲ್ಲೇ ಇತ್ತು. ಟವೆಲ್ಲಿಗೆ ಒರೆಸಿ, ಟವೆಲ್ಲನ್ನು ಸರಿಯಾಗಿ ಮಡಚಿ ನೇತುಹಾಕಿ, ಇಲ್ಲದ ನಲ್ಲಿಗಳನ್ನು ಒಂದೊಂದಾಗಿ ಮುಚ್ಚಿ, ಬಿರಡೆಯನ್ನು ಜೇಬಿಗೆ ಹಾಕಿಕೊಂಡು ಹೊರಗೆ ಬಂದ. ಹೆಂಡತಿಯನ್ನು ಕಂಡು ಎರಡು ಕೈಯನ್ನೂ ಮುಂದೆ ಚಾಚಿ ತೋರಿಸಿದ.

"ತೊಳ್ಕೊಂಡೆ."

ಅವನು ಒಂದು ದಿನವೂ ಸುಳ್ಳು ಹೇಳಿರಲಿಲ್ಲ.

ಬೆರಿಲ್ ಹಾಸಿಗೆ ಬಟ್ಟೆಯನ್ನು ಎದೆಗೆ ಅವಚಿಕೊಂಡು ಅಲ್ಲೇ ಗೋಡೆಗೆ ಒರಗಿದಳು. ಅವನು ಇಳಿದುಹೋದ ಮೇಲೆ ಕೈಚೀಲದಿಂದ ನರ್ಸಿನ ಹಾಳೆ ತೆಗೆದಳು. ಅದಕ್ಕೆ ಹಿಂಬದಿಯೂ ಇತ್ತು. ನೆನಪು ಸೋರಿಹೋಗುತ್ತಿರುವವರ ಸುತ್ತ ಇರುವ ವಸ್ತುಗಳನ್ನು ಬದಲಿಸಬೇಡಿ, ಹೊಸ ಮಾದರಿಯ ನಲ್ಲಿಯನ್ನು ಅವರು ನಲ್ಲಿಯೆಂದು ಗುರುತಿಸದೆ ಹೋಗಬಹುದು ಎಂದು ಅಲ್ಲಿ ಸ್ಪಷ್ಟವಾಗಿ ಅಚ್ಚಾಗಿತ್ತು. ತನಗೆ ಬೇಕಾದ ಬದಿಯನ್ನಷ್ಟೇ ಓದಿ ಅವಳು ಬಸ್ಸು ಹತ್ತಿದ್ದಳು.

ಆ ಮಧ್ಯಾಹ್ನ ಅವನನ್ನು ನಿಲ್ಲಿಸಿಕೊಂಡು ಚಪ್ಪಟೆ ಪಟ್ಟಿಯನ್ನು ಎತ್ತಿ ತೋರಿಸಿದಳು. ಅಟ್ಟದಲ್ಲಿ ಪಂಪು ಗುರ್ ಅಂದು ನೀರು ರಭಸದಿಂದ ಚಿಮ್ಮಿದಾಗ ವಿಲ್ಫ್ ಎರಡು ಹೆಜ್ಜೆ ಹಿಂದೆ ಹಾರಿದ. ಅವಳು ಜೊತೆಗಿದ್ದಾಗ ಎತ್ತುತ್ತಿದ್ದ, ಅವಳು ತಿರುಗಿದರೆ ಮರೆಯುತ್ತಿದ್ದ. ಮೂರನೆಯ ದಿನ ಬೆರಿಲ್ ಕೀತ್‌ಗೆ ಫೋನ್ ಮಾಡಿದಳು.

"ಹಳೇವು ಇದಾವಾ?"

"ಗುಜರಿಗೆ ಹೋಗಿ ಕರಗಿ ಕುಡಿಕೇನೋ ಆಗಿರ್ತಾವೆ. ಯಾಕೆ, ಏನಾಯ್ತು?"

ಹೇಳಬೇಕಿತ್ತು. ನಾಲಿಗೆಯ ತುದಿಗೆ ಬಂದಿತ್ತು. "ಏನಿಲ್ಲ, ನನಗೆ ಯಾಕೋ ಬೇಜಾರಾಯ್ತು, ನೋಡೋಕೆ ಹಿಡಿಸ್ತಿಲ್ಲ," ಎಂದಳು.

ಕೀತ್ ಜೋರಾಗಿ ನಕ್ಕ. "ಬೇಜಾರಿಗೆಲ್ಲ ನಲ್ಲಿ ಬದಲಾಯಿಸೋರು ನೀವೊಬ್ರೇ ನೋಡಿ! ಬೇಸಿನ್ನೂ ಹೋಗ್ಬೇಕು, ನಿಮ್ಮದಕ್ಕೆ ನಲ್ಲಿ ಕೂರಿಸೋ ತೂತೇ ಇಲ್ಲ. ಅವಸರ ಇರೋರ ಕೆಲ್ಸ ಮೊದ್ಲು ಮುಗಿಸ್ತೀನಿ, ನಿಮ್ದು ಆಮೇಲೆ." ಸರಿ ಎಂದು ಅವಳು ಫೋನ್ ಇಟ್ಟಳು. ಅಂದಿನಿಂದ ದಿನಕ್ಕೆ ಎರಡು ಸಲ ಹೂಜಿಯಲ್ಲಿ ಬೆಚ್ಚನೆ ನೀರು ಹೊತ್ತು ಮೇಲೆ ಹೋಗಿ ಬೇಸಿನ್ನಿಗೆ ಸುರಿಯತೊಡಗಿದಳು. ವಿಲ್ಫ್ ಪ್ರತಿ ಸಲವೂ, "ನೀರು ನಿಲ್ಸಿದಾರಲ್ವಾ, ಪಾಪ ನಿನಗೆ ಕಷ್ಟ," ಎನ್ನುತ್ತಿದ್ದ. ಆ ಮಾತಿಗೆ ಅವಳ ತಲೆ ಮೇಲೇಳುತ್ತಿರಲಿಲ್ಲ.

ಹ್ಯಾಲಿಫ್ಯಾಕ್ಸಿಗೆ ಈ ಸಲ ಅವನನ್ನೂ ಕರೆದುಕೊಂಡು ಹೋದಳು. ಅಂಗಡಿಯವನು ಅವಳನ್ನು ಗುರುತು ಹಿಡಿದ. ಹಳೆಯ ಥರದವು ಬೇಕೆಂದಾಗ ಗೋಡೆಯ ಹಲಗೆಯ ಮೇಲೆ ಸಾಲಾಗಿ ಕೂರಿಸಿದ್ದ ನಾಲ್ಕು ಕಡ್ಡಿಯ ನಲ್ಲಿಗಳ ಹತ್ತಿರ ಕರೆದೊಯ್ದ. ನೋಡಲು ಥೇಟ್ ಅವೇ. ವಿಲ್ಫ್ ಕೈ ಹಾಕಿ ತಿರುಗಿಸಿದ. ಕಾಲು ಸುತ್ತಿಗೇ ನಿಂತಿತು. ಮತ್ತೆ ಒತ್ತಿದ.

"ಕಚ್ಕೊಂಡ್ಬಿಟ್ಟಿದೆ," ಎಂದ.

"ಇಲ್ಲ ಸಾರ್, ಈಗಿನವೆಲ್ಲ ಕಾಲು ಸುತ್ತಿನವೇ. ಒಳಗೆ ರಬ್ಬರ್ ವಾಷರ್ ಇಲ್ಲ, ಸೋರೋ ಕಾಟ ಇಲ್ಲ."

"ವಾಷರ್ ಇರೋದು ತೋರ್ಸಪ್ಪ," ಎಂದಳು ಬೆರಿಲ್. "ಸುತ್ತು ಸುತ್ತಾಗಿ ತಿರುಗೋದು."

"ಅದು ಶಾಲೆಗೆ, ಸರ್ಕಾರಿ ಕಟ್ಟಡಕ್ಕೆ ಹೋಗೋದಮ್ಮ. ಮನೆಗೆ ಯಾರೂ ಹಾಕಲ್ಲ. ಅಷ್ಟು ಚೆಂದದ್ದು ತಗೊಂಡು ಹೋಗಿದ್ರಿ, ಏನು ತೊಂದ್ರೆ ಆಯ್ತು ಅದ್ರಲ್ಲಿ?"

ಬೆನ್ನ ಹಿಂದೆ ಇನ್ನೊಂದು ಜೋಡಿ ಗಿರಾಕಿಗಳು ನಿಂತಿದ್ದರು. "ನನಗೆ ಹಳೇದೇ ಇಷ್ಟ," ಎಂದಳು ಬೆರಿಲ್. ಒಳಗಿನಿಂದ ಅವನು ಧೂಳು ಹಿಡಿದ ಒಂದು ಜೊತೆ ತಂದು ಮೇಜಿನ ಮೇಲಿಟ್ಟ. ಹೊಳಪಿಲ್ಲ, ಅಂದವಿಲ್ಲ, ತಲೆಯ ಮೇಲೆ ಒಂದಕ್ಕೆ ಕೆಂಪು ಚುಕ್ಕಿ, ಒಂದಕ್ಕೆ ನೀಲಿ. ವಿಲ್ಫ್ ಯಾರನ್ನೂ ಕೇಳದೆ ಕೆಂಪು ಚುಕ್ಕಿಯದನ್ನು ಎಡಕ್ಕೆ ಸರಿಸಿ, ನೀಲಿಯದನ್ನು ಬಲಕ್ಕೆ ಇಟ್ಟು, ಎಡಗಡೆಯದನ್ನು ಮೂರು ಸುತ್ತು ತಿರುಗಿಸಿದ.

"ಹಾಂ," ಎಂದ. "ಇದು ನಲ್ಲಿ."

ಕೀತ್ ಬಂದದ್ದು ಅಲ್ಲಿಂದ ಮೂರು ವಾರಕ್ಕೆ. ಬೇಸಿನ್ನು ಕೂರಿಸಿ, ನಲ್ಲಿ ಬಿಗಿದು, ನೀರು ಬಿಟ್ಟು ನೋಡುತ್ತಿರುವಾಗಲೇ ವಿಲ್ಫ್ ಹಿತ್ತಲಿನಿಂದ ಮೇಲೆ ಬಂದ. ಕೀತ್ ಪಕ್ಕಕ್ಕೆ ಸರಿದ. ವಿಲ್ಫ್ ತೋಳು ಮಡಚಿ, ಬಿರಡೆ ಹಾಕಿ, ಎಡ ಮೂರು, ಬಲ ಎರಡು ತಿರುಗಿಸಿ, ನೀರು ಹದವಾಗುವ ತನಕ ಕಾದು, ಕೈ ಇಳಿಸಿದ. "ಅಬ್ಬಾ," ಎಂದ, "ಕೊನೆಗೂ ಬಿಟ್ರು ನೋಡು." ನೀರು ಕಪ್ಪಾಗುತ್ತ ಹೋಯಿತು.

ಕೀತ್ ಬಹಳ ಹೊತ್ತು ಆ ನೀರನ್ನೇ ನೋಡುತ್ತ ನಿಂತ. ಆಮೇಲೆ ತನ್ನ ಪಾನಾಗಳನ್ನು ಒಂದೊಂದಾಗಿ ಒರೆಸಿ ಚೀಲಕ್ಕೆ ಹಾಕಿಕೊಂಡ. ಮೆಟ್ಟಿಲ ಬುಡದಲ್ಲಿ ನಿಂತು ತಗ್ಗಿದ ದನಿಯಲ್ಲಿ ಹೇಳಿದ: "ಬೇಜಾರು ಅಂದ್ರಲ್ಲ. ವಿಷಯ ಇದು ಅಂತ ಹೇಳಿದ್ದಿದ್ರೆ ನಾನು ಅವತ್ತೇ ಸಂಜೆ ಬರ್ತಿದ್ದೆ, ಬೆರಿಲ್."

ಅವಳ ಹೆಸರು ಹಿಡಿದು ಅವನು ಕರೆದದ್ದು ಅದೇ ಮೊದಲು. ಅದಕ್ಕಿಂತ ಅವನು ಬೈದಿದ್ದರೆ ವಾಸಿಯಿತ್ತು.

ಮೇ ತಿಂಗಳ ಕೊನೆಗೆ ಚಾಪೆಲ್ಲಿನಲ್ಲಿ ಮತ್ತೆ ಚಹಾ ಬಂತು. ಅದೇ ಮೇಜು, ಅವೇ ಮುಖಗಳು. ವಿಲ್ಫ್‌ನನ್ನು ಕರೆದುಕೊಂಡು ಒಳಗೆ ಕಾಲಿಟ್ಟಾಗ ಕೆಲವರು ಮೊದಲು ಅವನ ಕೈ ನೋಡಿದರು, ಆಮೇಲೆ ಮುಖ. ಬೆರಿಲ್‌ಳಿಗೆ ಅದು ತಿಳಿಯಿತು. ಆ ನೋಟ ಕಲಿಸಿಕೊಟ್ಟವಳು ತಾನೇ.

ಎಲ್ಲರೂ ಕೂತ ಮೇಲೆ ಡೊರೀನ್ ಚಹಾ ಸುರಿಯುತ್ತ, "ಏನೇ, ಮತ್ತೆ ಎರಡು ನಲ್ಲಿ ಹಾಕಿಸ್ಕೊಂಡ್ಯಂತೆ? ಕೀತ್ ಹೆಂಡ್ತಿ ಹೇಳಿದ್ಲು," ಎಂದಳು. ಮತ್ತೆ ದನಿ ತಗ್ಗಿಸಿ, "ವಿಲ್ಫ್ ಹಠ ಮಾಡಿದ್ನಾ? ಪಾಪ, ನಿನಗೂ ಎಷ್ಟು ಕಷ್ಟ," ಎಂದು ಸೇರಿಸಿದಳು.

ಸುಲಭದ ದಾರಿ ಅಲ್ಲೇ ಇತ್ತು. ಒಂದು ಸಲ ತಲೆಯಾಡಿಸಿ ಒಂದು ನಿಟ್ಟುಸಿರು ಬಿಟ್ಟರೆ ಸಾಕು. ಎಲ್ಲರ ಮರುಕ ಅವಳ ತಟ್ಟೆಗೆ ಬೀಳುತ್ತಿತ್ತು. ಅವಳ ತಲೆ ಆಡಲು ಹೊರಟಿತ್ತು ಕೂಡ. ಪಕ್ಕದಲ್ಲಿ ವಿಲ್ಫ್ ಬೀಟ್‌ರೂಟಿನ ಹೋಳನ್ನು ಫೋರ್ಕಿಗೆ ಚುಚ್ಚುವುದರಲ್ಲಿ ಮುಳುಗಿದ್ದ.

"ಹಠ ಅಲ್ಲ," ಎಂದಳು ಬೆರಿಲ್. ಗಟ್ಟಿಯಾಗಿ ಮತ್ತೊಮ್ಮೆ ಹೇಳಿದಳು. "ಹಠ ಅಲ್ಲ. ಅವತ್ತು ನಾನು ಇಲ್ಲಿ ಒಂದು ಮಾತು ಆಡಿದ್ನಲ್ಲ, ನೀವೆಲ್ಲ ಕೇಳಿಸ್ಕೊಂಡ್ರಲ್ಲ."

ಅವನ ಎದುರಿಗೇ ಅವನ ಹೆಸರು ಹಿಡಿಯಲು ಅವಳಿಗಾಗಲಿಲ್ಲ.

"ಆ ಮನುಷ್ಯ ದಿನಾ ಕೈ ತೊಳೀತಿದ್ದ. ನೀರೇ ಇಲ್ದೆ. ಅವನಿಗೆ ಗೊತ್ತಿದ್ದ ನಲ್ಲಿ ಕಿತ್ತಾಕಿಸಿ, ಗೊತ್ತಿಲ್ದೇ ಇರೋದು ಹಾಕಿಸಿದ್ಲು ಅವನ ಹೆಂಡ್ತಿ. ಎಲ್ಲಿಂದ ನೀರು ಬರುತ್ತೆ ಅಂತ ತಿಳೀಲಿಲ್ಲ ಅವನಿಗೆ. ಕೇಳೋಕೆ ನಾಚಿಕೆ ಆಯ್ತೋ ಏನೋ. ಒಣ ಸೋಪು ಹಚ್ಕೊಂಡು, ಒಣ ಬ್ರಷ್ಷಲ್ಲಿ ಚರ್ಮ ಕಿತ್ತೋಗೋ ಥರ ಉಜ್ಕೊಂಡು, ತೊಳ್ಕೊಂಡೆ ಅಂತ ಬಂದು ನಿಲ್ತಿದ್ದ. ಅದಕ್ಕೆ ಅವನನ್ನ ಸುಳ್ಳ ಅಂದ್ಲು. ಹಂದಿ ಅಂದ್ಲು. ಇಷ್ಟು ಜನರ ಎದುರಿಗೆ."

ಡೊರೀನ್‌ಳ ಕೈಯಲ್ಲಿ ಚಹಾದ ಜಗ್ಗು ಹಾಗೇ ನಿಂತಿತ್ತು. ವಿಲ್ಫ್ ಫೋರ್ಕು ಕೆಳಗಿಟ್ಟಿದ್ದ. ಎಲ್ಲರಿಗಿಂತ ಗಮನವಿಟ್ಟು ಕೇಳಿದವನು ಅವನೇ. ಅವನ ಕಣ್ಣು ತುಂಬಿ ಬಂದಿತ್ತು.

"ಅಯ್ಯೋ ಪಾಪ," ಎಂದ. "ಯಾರದು? ನಮ್ಮ ಗಿರಣಿಯವನಾ?"

ಡೊರೀನ್ ಜಗ್ಗನ್ನು ಮೇಜಿನ ಮೇಲಿಟ್ಟಳು.

"ಅಷ್ಟು ಜನರ ಎದುರಿಗೆ ಹಾಗನ್ನೋದಾ? ಎಂಥ ಹೆಂಗಸಪ್ಪಾ ಅವಳು! ಯಾರವಳು?"

"ನಾನೇ, ವಿಲ್ಫ್," ಎಂದಳು ಬೆರಿಲ್. "ಅವಳು ನಾನೇ. ನನ್ನನ್ನ ಕ್ಷಮಿಸ್ಬಿಡು."

ವಿಲ್ಫ್ ಅವಳನ್ನು ನೋಡಿದ. ಮುಖದಲ್ಲಿ ಅನುಮಾನ ಸುಳಿದು, ಕರಗಿ, ನಗುವಾಯಿತು. ಅವನು ತಲೆಯಾಡಿಸಿದ.

"ಹೋಗೇ ಹುಡುಗಿ! ನೀನಾ? ನಿನ್ನಂಥೋಳು ಹಾಗಂತಾಳಾ? ಬೇರೆ ಯಾರನ್ನೋ ಅಂದ್ಕೊಂಡಿದೀಯಾ ನೀನು." ಮೇಜಿನವರೆಲ್ಲರ ಕಡೆ ತಿರುಗಿ, "ಇವಳು ಹಾಗೆ ಯಾವತ್ತೂ ಅಂದೋಳಲ್ಲ ಕಣ್ರೀ," ಎಂದು ಸಾಕ್ಷಿ ಹೇಳಿದ.

ಅವರೆಲ್ಲ ಕೇಳಿಸಿಕೊಂಡಿದ್ದವರು. ಬೆರಿಲ್ ಇನ್ನೊಮ್ಮೆ "ನಾನೇ ಕಣೋ" ಎನ್ನಲು ನೋಡಿದಳು, ಆದರೆ ಅವನಾಗಲೇ ಕೇಕಿನ ತಟ್ಟೆಯನ್ನು ಎರಡು ಕೈಯಲ್ಲೂ ಎತ್ತಿ, ಮೊದಲು ಅವಳೇ ತೆಗೆದುಕೊಳ್ಳಲಿ ಎಂದು, ಅವಳ ಮುಂದೆ ಹಿಡಿದಿದ್ದ.